ಕಣ್ಣುಳ್ಳ ದೋಣಿಗಳ ಊರು



ಮೆಡಿಟರೇನಿಯನ್ ಸಮುದ್ರದಲ್ಲಿ, ಸಿಸಿಲಿಯ ದಕ್ಷಿಣಕ್ಕೆ ಮಾಲ್ಟಾ ಎಂಬ ಪುಟ್ಟ ದ್ವೀಪವಿದೆ. ಅದರ ಆಗ್ನೇಯ ತೀರದಲ್ಲಿರುವ ಮೀನುಗಾರರ ಹಳ್ಳಿಯೇ ಮಾರ್ಸಶ್ಲೊಕ್. ಮಾಲ್ಟಾದ ಭಾಷೆಯಲ್ಲಿ ‘ಮಾರ್ಸ’ ಎಂದರೆ ಬಂದರು. ‘ಶ್ಲೊಕ್’ ಎಂದರೆ ಆಗ್ನೇಯ ದಿಕ್ಕು. ಅತ್ತಣಿಂದ ಬೀಸುವ ಗಾಳಿಗೂ ಅದೇ ಹೆಸರು.

ನೀವು ಅಲ್ಲಿಗೆ ಹೋದರೆ ಮೊದಲು ಕಾಣುವುದು ನೀಲಿ, ಹಳದಿ, ಕೆಂಪು ಬಣ್ಣದ ‘ಲುತ್ಸು’ ದೋಣಿಗಳು. ದೋಣಿಯ ಮುಂತುದಿಯ ಎರಡೂ ಬದಿಗಳಲ್ಲಿ ಒಂದೊಂದು ಕಣ್ಣು. ಅದು ಮೀನುಗಾರನನ್ನು ಕಾಯುತ್ತದೆಂಬುದು ನಂಬಿಕೆ. ಫಿನೀಷಿಯನ್ ನಾವಿಕರು ಬಿಟ್ಟುಹೋದ ಬಳುವಳಿ ಅದು ಎನ್ನುವುದುಂಟು. ಇತಿಹಾಸದ ವಿದ್ಯಾರ್ಥಿ ಇಲ್ಲಿ ಸ್ವಲ್ಪ ತಡೆದು, ‘ಪುರಾವೆ ಏನು?’ ಎಂದು ಕೇಳಬೇಕು. ಕಣ್ಣಿನ ವಿಷಯ ಹೇಗಾದರೂ ಇರಲಿ, ಫಿನೀಷಿಯನ್ನರು ಇಲ್ಲಿಗೆ ಬಂದುದಕ್ಕೆ ಪುರಾವೆಯುಂಟು. ಅದಿರುವುದು ಕೊಲ್ಲಿಯ ಮೇಲಣ ತಾಸ್-ಸಿಲ್ಚ್ ಗುಡ್ಡದಲ್ಲಿ. ಇತಿಹಾಸಪೂರ್ವ ಕಾಲದ ಗುಡಿಯ ನೆಲೆಯಲ್ಲೇ ಅವರು ಅಸ್ತಾರ್ತೆ ದೇವಿಯನ್ನು ಪೂಜಿಸಿದರು. ರೋಮನ್ನರಿಗೆ ಅದೇ ಜೂನೋ ದೇವಿಯ ಗುಡಿಯಾಯಿತು. ಮುಂದೆ ಅಲ್ಲೇ ಕ್ರೈಸ್ತ ಚರ್ಚು ಎದ್ದಿತು.

ನಾವಿಕರನ್ನು ಕರೆದ ಈ ಕೊಲ್ಲಿ ಸೈನ್ಯಗಳನ್ನೂ ಕರೆಯಿತು. 1565ರ ಮೇ ತಿಂಗಳಲ್ಲಿ ಮಾಲ್ಟಾವನ್ನು ಮುತ್ತಲು ಬಂದ ಒಟ್ಟೊಮನ್ ಸೈನ್ಯ ಇಲ್ಲಿ ಇಳಿಯಿತು. ಆ ಪಾಠ ಕಲಿತ ಸಂತ ಜಾನರ ಸರದಾರರು 1610ರಲ್ಲಿ ಇಲ್ಲೊಂದು ಕೋಟೆ ಕಟ್ಟಲು ತೊಡಗಿದರು. ಆದರೂ 1798ರಲ್ಲಿ ನೆಪೋಲಿಯನ್ನನ ಸೈನ್ಯದ ಒಂದು ಭಾಗ ಇಲ್ಲೇ ಇಳಿಯಿತು. 1989ರ ಡಿಸೆಂಬರಿನಲ್ಲಿ ಬುಷ್ ಮತ್ತು ಗೊರ್ಬಚೆವ್ ಇದೇ ಕೊಲ್ಲಿಯಲ್ಲಿ ಭೇಟಿಯಾದರು. ಯುದ್ಧನೌಕೆಗಳಲ್ಲಿ ನಡೆಯಬೇಕಿದ್ದ ಮಾತುಕತೆ, ಬಿರುಗಾಳಿಯ ದೆಸೆಯಿಂದ, ಲಂಗರು ಹಾಕಿದ್ದ ಒಂದು ಪ್ರಯಾಣಿಕರ ಹಡಗಿಗೆ ವರ್ಗವಾಯಿತು. ಎರಡು ಮಹಾಶಕ್ತಿಗಳ ಏರ್ಪಾಡನ್ನು ಸಮುದ್ರ ಬದಲಿಸಿತ್ತು!

ಇಂದು ಕೊಲ್ಲಿಯ ಒಂದು ಮಗ್ಗುಲಲ್ಲಿ ಸರಕು ಹಡಗುಗಳ ಬೃಹತ್ ಬಂದರು, ಇನ್ನೊಂದು ಮಗ್ಗುಲಲ್ಲಿ ವಿದ್ಯುತ್ ಸ್ಥಾವರ. ನಡುವೆ ಭಾನುವಾರದ ಮೀನಿನ ಸಂತೆ. ಮರದ ದೋಣಿಗಳ ಜಾಗಕ್ಕೆ ಫೈಬರ್ ಗ್ಲಾಸಿನ ದೋಣಿಗಳು ಬರುತ್ತಿವೆ. ಸರದಾರರ ಕೋಟೆಯೋ, ಮುಂದೆ ಮೀನು ಸಾಕಣೆಯ ಸಂಶೋಧನೆಗೆ ನೆಲೆಯಾಯಿತು.

ಮಿತ್ರರೇ, ಬಂದಿಳಿದವರ ಹೆಸರುಗಳು ಪುಸ್ತಕಗಳಲ್ಲಿವೆ. ಅವರು ಬರುವ ಮುಂಚೆಯೂ, ಹೋದ ಮೇಲೂ ಬಲೆ ಬೀಸುತ್ತಿದ್ದವರ ಹೆಸರುಗಳು ಅಲ್ಲಿ ಸಿಗುವುದಿಲ್ಲ. ಅವರ ಚರಿತ್ರೆಯನ್ನು ಊರಿನ ಹೆಸರಿನಲ್ಲಿ, ಸಂತೆಯಲ್ಲಿ, ಮರದ ದೋಣಿಯಲ್ಲಿ ಓದಬೇಕು. ದೋಣಿಗಳು ಹೋದರೆ ಆ ಪುಟವೂ ಹೋಗುತ್ತದೆ. ಯಾವುದೇ ಬಂದರಿಗೆ ಹೋದಾಗ, ‘ಇಲ್ಲಿಗೆ ಯಾರು ಬಂದರು?’ ಎಂದು ಕೇಳಿದ ಮೇಲೆ, ‘ಇಲ್ಲಿ ಯಾರು ಉಳಿದರು?’ ಎಂದೂ ಕೇಳಿ.