ಚೇಂದಮಂಗಲದ ಯಹೂದಿ ಸಿನಗಾಗ್

ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ, ಉತ್ತರ ಪರವೂರಿಗೆ ಸಮೀಪವಿರುವ ಚೇಂದಮಂಗಲವು ಕೈಮಗ್ಗದ ಬಟ್ಟೆಗೆ ಹೆಸರಾದ ಊರು. ಕೊಚ್ಚಿ ಅರಸರಿಗೆ ಮಂತ್ರಿಗಳಾಗಿದ್ದ ಪಾಲಿಯಂ ಮನೆತನದ ನೆಲೆ. ಇಲ್ಲಿ ದೇವಸ್ಥಾನ, ಮಸೀದಿ ಹಾಗೂ ಇಗರ್ಜಿಗಳ ನೆರೆಯಲ್ಲಿಯೇ ಯಹೂದಿಯರ ಪ್ರಾರ್ಥನಾ ಮಂದಿರವಾದ ಸಿನಗಾಗ್ ಇದೆ. ಅದು ಇಂದು ವಸ್ತುಸಂಗ್ರಹಾಲಯ.

ಕಟ್ಟಡ

ಬೆಂಕಿಗೆ ಆಹುತಿಯಾಗಿದ್ದ ಹಳೆಯ ಮಂದಿರವನ್ನು 1614ರಲ್ಲಿ ಮತ್ತೆ ಕಟ್ಟಲಾಯಿತೆಂಬುದು ಪರಂಪರೆಯ ಹೇಳಿಕೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಹಂಚಿನ ಇಳಿಜಾರು ಮಾಡು: ಹೊರನೋಟಕ್ಕೆ ಇದು ನಮ್ಮ ಕರಾವಳಿಯ ಮನೆಗಳ ಬಂಧುವೇ ಸರಿ. ಒಳಗೆ, ಜೆರುಸಲೇಮಿನ ದಿಕ್ಕಾದ ಪಶ್ಚಿಮದ ಗೋಡೆಯಲ್ಲಿ, ಧರ್ಮಗ್ರಂಥವಾದ ತೋರಾದ ಸುರುಳಿಗಳನ್ನು ಇಡುತ್ತಿದ್ದ ಕೆತ್ತನೆಯ ಮರದ ಕಪಾಟು ಇದೆ. ಗ್ರಂಥವನ್ನು ಓದುವ ವೇದಿಕೆ ನಡುಮನೆಯಲ್ಲೊಂದು, ಮಹಡಿಯಲ್ಲಿ ಇನ್ನೊಂದು. ಹೀಗೆ ಎರಡು ವೇದಿಕೆಗಳಿರುವುದು ಕೇರಳದ ಸಿನಗಾಗ್‌ಗಳ ವಿಶೇಷ. ಮಹಡಿಯ ವೇದಿಕೆಯ ಹಿಂದೆ, ಮರದ ಜಾಲರಿಯ ಮರೆಯಲ್ಲಿ, ಸ್ತ್ರೀಯರು ಕುಳಿತುಕೊಳ್ಳುತ್ತಿದ್ದರು.

ಮಂದಿರದ ಮುಂದಿರುವ ಸಮಾಧಿಶಿಲೆ ಗಮನಾರ್ಹ. ಇಸ್ರಾಯೇಲನ ಮಗಳು ಸಾರಾ ಎಂಬಾಕೆಯ ಈ ಶಿಲೆ 1269ನೆಯ ಇಸವಿಯದು. ಭಾರತದಲ್ಲಿ ದೊರೆತ ಅತ್ಯಂತ ಹಳೆಯ ಹೀಬ್ರೂ ಬರಹ ಇದೆಂದು ವಿದ್ವಾಂಸರು ಪರಿಗಣಿಸಿದ್ದಾರೆ.

ವಸ್ತುಸಂಗ್ರಹಾಲಯ

1948ರಲ್ಲಿ ಇಸ್ರೇಲ್ ಸ್ಥಾಪನೆಯಾದ ಬಳಿಕ, 1950ರ ದಶಕದಲ್ಲಿ, ಕೇರಳದ ಯಹೂದಿಯರಲ್ಲಿ ಬಹುಪಾಲು ಮಂದಿ ಅಲ್ಲಿಗೆ ತೆರಳಿದರು. ಪ್ರಾರ್ಥನೆ ನಿಂತ ಮಂದಿರ ಶಿಥಿಲವಾಯಿತು. ಮುಂದೆ ಇದನ್ನು ಜೀರ್ಣೋದ್ಧಾರಗೊಳಿಸಿ, 2006ರಲ್ಲಿ ಇಲ್ಲಿ ಚೇಂದಮಂಗಲದ ಯಹೂದಿಯರ ಬದುಕನ್ನು ಪರಿಚಯಿಸುವ ಪ್ರದರ್ಶನವನ್ನು ತೆರೆಯಲಾಯಿತು. ಪರವೂರಿನ ಸಿನಗಾಗ್ ಕೂಡ ಇಂದು ವಸ್ತುಸಂಗ್ರಹಾಲಯವೇ. ಎರಡೂ ಮುಜಿರಿಸ್ ಪರಂಪರಾ ಯೋಜನೆಗೆ ಸೇರಿವೆ. ಪರವೂರಿನ ಮೂಲ ಕಪಾಟು ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಂ ಸೇರಿದೆ; ಪರವೂರಿನಲ್ಲಿರುವುದು ಅದರ ಪ್ರತಿಕೃತಿ.

ಭಾಷೆ

ಈ ಸಮುದಾಯದ ಪ್ರಾರ್ಥನೆಯ ಭಾಷೆ ಹೀಬ್ರೂ, ಮನೆಮಾತು ಮಲಯಾಳ. ಮದುವೆ ಮತ್ತು ಹಬ್ಬಗಳಲ್ಲಿ ಹಾಡುವ ಮಲಯಾಳ ಹಾಡುಗಳನ್ನು ಸ್ತ್ರೀಯರು ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಊರು ಬಿಡುವಾಗ ಜತೆಗೊಯ್ದರು. ವಿದ್ವಾಂಸರು ಅವುಗಳನ್ನು ಸಂಗ್ರಹಿಸಿ ಪ್ರಕಟಿಸಿದ್ದಾರೆ. ಆದರೆ ಇಸ್ರೇಲಿನಲ್ಲಿ ಹುಟ್ಟಿ ಬೆಳೆದ ಪೀಳಿಗೆಯ ಮಾತು ಹೀಬ್ರೂ. ಆ ಹಾಡುಗಳನ್ನು ಬಾಯಿಪಾಠವಾಗಿ ಬಲ್ಲವರು ಹಿರಿಯರು ಮಾತ್ರ.

ಗಡಿನಾಡಿನಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವ ನಮಗೆ ಇದು ದೂರದ ಸಂಗತಿಯಲ್ಲ. ಕಟ್ಟಡವನ್ನು ಸರಕಾರ ದುರಸ್ತಿಗೊಳಿಸಬಲ್ಲುದು. ಮನೆಮಾತನ್ನು ಮನೆಯವರೇ ಉಳಿಸಿಕೊಳ್ಳಬೇಕು. ಕೊಚ್ಚಿಗೆ ಶೈಕ್ಷಣಿಕ ಪ್ರವಾಸ ಹೊರಡುವ ಶಾಲೆಗಳು ಚೇಂದಮಂಗಲ ಮತ್ತು ಪರವೂರುಗಳಿಗೂ ಅರ್ಧ ದಿನ ಮೀಸಲಿಡುವುದು ಸೂಕ್ತವೆಂದು ನಾವು ಭಾವಿಸುತ್ತೇವೆ.