ಆಹಾರದಾನ, ಶಾಸ್ತ್ರದಾನ: ಮಕ್ಕಳ ತೂಕವೂ ಬುದ್ಧಿಯೂ

ಹಳೇಬೀಡಿನ ಹೊಯ್ಸಳೇಶ್ವರನನ್ನು ನೋಡಿ ಹಿಂದಿರುಗುವವರಲ್ಲಿ ಬಸ್ತಿಹಳ್ಳಿಯವರೆಗೆ ನಡೆಯುವವರು ಕಡಮೆ. ಅಲ್ಲಿರುವ ಪಾರ್ಶ್ವನಾಥ ಬಸದಿಯನ್ನು ವಿಷ್ಣುವರ್ಧನನ ದಂಡನಾಯಕನಾಗಿದ್ದ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದನು. ಆ ಕಾಲದ ಜೈನ ದಾನಿಗಳನ್ನು ನಮ್ಮ ಶಾಸನಗಳು ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ನಾಲ್ಕು ದಾನಗಳಲ್ಲಿ ನಲಿಯುವವರೆಂದು ಹೊಗಳುತ್ತವೆ. ಅನ್ನವನ್ನೂ ವಿದ್ಯೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಮಾತು ಮಕ್ಕಳ ಮಟ್ಟಿಗೆ ಎಷ್ಟು ನಿಜ? ಇದನ್ನು ಪರಿಶೀಲಿಸುವ ಸಾಧನವು ನಮ್ಮ ಮೈಸೂರು ನಗರದಲ್ಲಿಯೇ ದೊರೆಯಿತು.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಆ ಹಳೆಯ ಪುಸ್ತಕಗಳನ್ನು ಹಿಡಿದು ಹುಡುಕಿದ ವೈದ್ಯರು, ಕಡಮೆ ತೂಕದಿಂದ ಹುಟ್ಟಿದವರಿಗೆ ನಡುವಯಸ್ಸಿನಲ್ಲಿ ಹೃದಯರೋಗ ಹೆಚ್ಚೆಂದು 1996ರಲ್ಲಿ ಪ್ರಕಟಿಸಿದರು. ತರುವಾಯ ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು, ಅವರ ಮಕ್ಕಳನ್ನು ವರ್ಷವರ್ಷವೂ ಅಳೆಯುತ್ತ ಬಂದರು. ಒಂಬತ್ತು ಹತ್ತು ವಯಸ್ಸಿನಲ್ಲಿ 500ಕ್ಕೂ ಹೆಚ್ಚು ಮಕ್ಕಳ ಕಲಿಕೆ, ಜ್ಞಾಪಕ, ಅವಧಾನಗಳನ್ನು ಪರೀಕ್ಷಿಸಿದರು. ಹುಟ್ಟಿದಾಗ ತೂಕವೂ ತಲೆಯ ಸುತ್ತಳತೆಯೂ ಹೆಚ್ಚಾಗಿದ್ದವರು ಕೆಲವು ಪರೀಕ್ಷೆಗಳಲ್ಲಿ ಸ್ವಲ್ಪ ಮೇಲಾಗಿದ್ದರು.

ಇನ್ನೊಂದು ಫಲಿತಾಂಶ 2014ರಲ್ಲಿ ಹೊರಬಂದಿತು. ಸಿರಿವಂತ ದೇಶಗಳಲ್ಲಿ ಬೊಜ್ಜುಳ್ಳ ಮಕ್ಕಳ ಅಂಕಗಳು ಕಡಮೆಯೆಂದು ಅನೇಕರು ಕಂಡಿದ್ದರು. ಮೈಸೂರಿನಲ್ಲಿ ಕಂಡುದು ಅದಕ್ಕೆ ವಿರುದ್ಧ: ಮೈಯಲ್ಲಿ ಸ್ವಲ್ಪ ಹೆಚ್ಚು ಕೊಬ್ಬಿದ್ದವರೇ ಮುಂದು. ಇದರಲ್ಲಿ ವಿಚಿತ್ರವೇನೂ ಇಲ್ಲ. ಇಲ್ಲಿನ ಮಕ್ಕಳಲ್ಲಿ ಬಹುಮಂದಿ ತೆಳ್ಳಗಿನವರು. ಅಂಥವರ ನಡುವೆ ತುಸು ತುಂಬಿಕೊಂಡ ಮೈಯೆಂದರೆ ಹೊಟ್ಟೆ ತುಂಬ ಉಂಡ ಮೈ.

ಹಾಗೆಂದು ತೂಕವೇ ಬುದ್ಧಿಯನ್ನು ಕೊಡುತ್ತದೆಂದು ನಾವು ತೀರ್ಮಾನಿಸಬಾರದು. ಹಾಲಿರುವ ಮನೆಯಲ್ಲಿ ಸಾಮಾನ್ಯವಾಗಿ ಪುಸ್ತಕವೂ ಇರುತ್ತದೆ, ಓದಿದ ತಾಯಿಯೂ ಇರುತ್ತಾಳೆ. ತಕ್ಕಡಿಯು ಮಗುವಿನ ಯೋಗ್ಯತೆಯನ್ನು ತೂಗದು. ಮನೆಯೂ ಸಮಾಜವೂ ಅದಕ್ಕೆ ಏನನ್ನು ಕೊಟ್ಟಿವೆಯೆಂಬುದನ್ನು ತೂಗುತ್ತದೆ. ಬಡಕಲು ಹುಡುಗನನ್ನು ದಡ್ಡನೆನ್ನುವ ಉಪಾಧ್ಯಾಯನೂ, ದಪ್ಪ ಹುಡುಗನನ್ನು ಮಂದನೆನ್ನುವ ನೆರೆಯವನೂ ಇಬ್ಬರೂ ತಪ್ಪಿದ್ದಾರೆ.

ಕರ್ನಾಟಕದ ಶಾಲೆಗಳಲ್ಲಿ 2002ರಲ್ಲಿ ಆರಂಭವಾದ ಮಧ್ಯಾಹ್ನದ ಊಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ಅನ್ನಕ್ಕೂ ಅಕ್ಷರಕ್ಕೂ ಇರುವ ನಂಟನ್ನು ಆ ಹೆಸರೇ ಹೇಳುತ್ತದೆ. ಬಸ್ತಿಹಳ್ಳಿಯ ಬಸದಿ ಕಟ್ಟಿದವರ ಕಾಲದಲ್ಲಿ ಅದು ದಾನಿಯ ಪುಣ್ಯವಾಗಿತ್ತು. ನಮ್ಮ ಕಾಲದಲ್ಲಿ ಅದು ಮಗುವಿಗೆ ನಾವು ತೀರಿಸಬೇಕಾದ ಋಣ.