ಹವಾನಾದ ಲಾಡಾ

ವ್ಯಾಕರಣ ಕಲಿಸಿದವನಿಗೆ ಕಾರಿನ ವಿಚಾರವೇಕೆಂದು ಶ್ರೋತೃಗಳು ಕೇಳಬಹುದು. ಕ್ಯೂಬಾದ ಹವಾನಾ ನಗರದಲ್ಲಿ ಬಾಡಿಗೆಗೆ ಓಡುವ ಲಾಡಾ ನನಗೆ ತದ್ಭವ ಪದದಂತೆ ತೋರುತ್ತದೆ. ಆಕಾಶವು ಆಗಸವಾದಂತೆ ಇಟಲಿಯ ಫಿಯಟ್ ೧೨೪ ಲಾಡಾ ಆಯಿತು. ೧೯೬೬ರ ಒಪ್ಪಂದದಂತೆ ಸೋವಿಯತ್ ದೇಶಕ್ಕೆ ಬಂದ ಆ ಮಾದರಿ, ೧೯೭೦ರಿಂದ ವೋಲ್ಗಾ ತೀರದ ತೊಲ್ಯಾತ್ತಿಯಲ್ಲಿ ತಯಾರಾಗತೊಡಗಿತು. ಅಲ್ಲಿನ ಒರಟು ರಸ್ತೆಗಳಿಗೆ ಹೊಂದುವಂತೆ ತಗಡು ದಪ್ಪವಾಯಿತು, ಒಡಲು ನೆಲದಿಂದ ಮೇಲೆದ್ದಿತು; ಹಿಂದಿನ ಗಾಲಿಗಳಿಗೆ ಡಿಸ್ಕ್ ಬದಲು ಡ್ರಮ್ ಬ್ರೇಕು ಬಂತು. ೧೯೯೧ರಲ್ಲಿ ಸೋವಿಯತ್ ಒಕ್ಕೂಟವೇ ಅಳಿಯಿತು. ಕ್ಯೂಬಾದಲ್ಲಿ ಇಂಧನಕ್ಕೂ ಬಿಡಿಭಾಗಗಳಿಗೂ ಬರ ಬಿತ್ತು. ಅಲ್ಲಿನ ಜನ ಕೈಗೆ ಸಿಕ್ಕಿದ್ದನ್ನು ಜೋಡಿಸಿ ಕಾರನ್ನು ಉಳಿಸಿಕೊಂಡರು. ಟ್ಯಾಕ್ಸಿಯಾಗಿ ಅದು ಎಷ್ಟೋ ಮನೆಗಳ ಒಲೆ ಉರಿಸಿತು. ಕಳಿಸಿದ ಸಾಮ್ರಾಜ್ಯ ಚರಿತ್ರೆಯ ಪುಟ ಸೇರಿದೆ; ಕಾರು ಬೀದಿಯಲ್ಲಿದೆ. ಪದವಾಗಲಿ ಯಂತ್ರವಾಗಲಿ, ಕೊನೆಗೆ ಅದು ಬಳಸಿ ಬಾಳಿಸಿದವರದೇ.